ದಿವಾಳಿ ಕಾನೂನು ಮತ್ತು ಸ್ಥಳೀಯ ವಕೀಲರ ಆಯ್ಕೆ: ಚಿಕ್ಕನರಗುಂದ ಭಾಗದ ವರ್ತಕರಿಗೆ ಒಂದು ಪಾಠ

ವ್ಯಾಪಾರವೆಂದ ಮೇಲೆ ಲಾಭ-ನಷ್ಟ ಎರಡೂ ಇದ್ದದ್ದೇ. ಆದರೆ ನಷ್ಟವು ಕೈಯಲ್ಲಿರುವ ಆಸ್ತಿಯನ್ನು ಮೀರಿ ಬೆಳೆದು, ಕೊಡಬೇಕಾದವರಿಗೆಲ್ಲ ಕೊಡಲು ಸಾಧ್ಯವಿಲ್ಲವೆಂಬ ಸ್ಥಿತಿ ಬಂದಾಗ ವರ್ತಕನು ಸಾಮಾನ್ಯವಾಗಿ ಹುಡುಕುವುದು ಇನ್ನೊಂದು ಸಾಲವನ್ನೇ ಹೊರತು ಕಾನೂನಿನ ಸಲಹೆಯನ್ನಲ್ಲ. "ದಿವಾಳಿ ತೆಗೆದ" ಎಂಬ ಮಾತು ನಮ್ಮ ಪೇಟೆಗಳಲ್ಲಿ ಬೈಗುಳದಂತೆ ಬಳಕೆಯಲ್ಲಿದೆ. ಆ ಮಾತಿಗೆ ಅಂಜಿ ವಕೀಲರ ಬಳಿಗೆ ಹೋಗುವುದನ್ನು ಮುಂದೂಡಿದ ಪ್ರತಿಯೊಂದು ತಿಂಗಳೂ ಬಡ್ಡಿಯನ್ನು ಬೆಳೆಸುತ್ತದೆ, ದಾರಿಗಳನ್ನು ಮುಚ್ಚುತ್ತದೆ.

ನರಗುಂದ ತಾಲ್ಲೂಕಿನ ಚಿಕ್ಕನರಗುಂದ ಹಾಗೂ ಸುತ್ತಲಿನ ಹಳ್ಳಿಗಳ ವ್ಯಾಪಾರವು ಬಹುಪಾಲು ಹತ್ತಿ, ಗೋವಿನಜೋಳ, ಕಡಲೆ, ಈರುಳ್ಳಿ ಮೊದಲಾದ ಬೆಳೆಗಳನ್ನು ನಂಬಿದೆ. ರೈತನು ಅಡತಿ ಅಂಗಡಿಗೆ, ಅಡತಿಯವನು ಗಿರಣಿಗೆ, ಗಿರಣಿಯವನು ದೂರದ ಊರಿನ ಸಗಟು ವ್ಯಾಪಾರಿಗೆ ಮಾಲನ್ನು ಉದ್ದರಿ ಕೊಡುತ್ತಾನೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಹಿಂದಿನವರೆಲ್ಲರೂ ತೊಂದರೆಗೆ ಸಿಲುಕುತ್ತಾರೆ. ಆದುದರಿಂದ ದಿವಾಳಿ ಕಾನೂನಿನ ತಿಳಿವಳಿಕೆಯು ಸಾಲ ತೀರಿಸಲಾಗದವನಿಗೆ ಎಷ್ಟು ಅಗತ್ಯವೋ, ಬಾಕಿ ಬರಬೇಕಾದವನಿಗೂ ಅಷ್ಟೇ ಅಗತ್ಯ. ಯಾವ ಕಾನೂನು ಯಾರಿಗೆ ಅನ್ವಯಿಸುತ್ತದೆ, ಯಾವ ನ್ಯಾಯಾಲಯಕ್ಕೆ ಹೋಗಬೇಕು, ಅದಕ್ಕೆ ತಕ್ಕ ವಕೀಲರನ್ನು ಹೇಗೆ ಗುರುತಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ಈ ಪಾಠವು ಸೀಮಿತವಾಗಿದೆ.

ಮೊದಲ ಪ್ರಶ್ನೆ: ಸಾಲ ಯಾರದು?

ವಕೀಲರನ್ನು ಹುಡುಕುವ ಮೊದಲು ವರ್ತಕನು ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ, ಸಾಲವು ಕಾನೂನಿನ ದೃಷ್ಟಿಯಲ್ಲಿ ಯಾರ ಹೆಸರಿನಲ್ಲಿದೆ ಎಂಬುದು. ಇದಕ್ಕೆ ಮೂರು ಉತ್ತರಗಳು ಸಾಧ್ಯ.

ಒಂದು, ಏಕಮಾಲೀಕನ ಅಂಗಡಿ ಅಥವಾ ಕಾರ್ಖಾನೆ. ಅಂಗಡಿಗೆ ಎಂಥ ಹೆಸರಿದ್ದರೂ ಸಾಲವು ಮಾಲೀಕನ ಸ್ವಂತ ಸಾಲವೇ ಆಗಿರುತ್ತದೆ. ಅವನ ವ್ಯಾಪಾರದ ಆಸ್ತಿಗೂ ಸ್ವಂತ ಆಸ್ತಿಗೂ ಕಾನೂನು ಭೇದವೆಣಿಸುವುದಿಲ್ಲ.

ಎರಡು, ಪಾಲುದಾರಿಕೆ ಸಂಸ್ಥೆ. 1932ರ ಪಾಲುದಾರಿಕೆ ಅಧಿನಿಯಮದ 25ನೇ ಕಲಮಿನಂತೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಒಟ್ಟಾಗಿಯೂ ಬಿಡಿಯಾಗಿಯೂ ಹೊಣೆಗಾರ. ನಾಲ್ಕಾಣೆ ಪಾಲಿನವನಿಂದಲೂ ಪೂರ್ಣ ಸಾಲವನ್ನು ವಸೂಲು ಮಾಡಬಹುದು. ಒಬ್ಬ ಪಾಲುದಾರನು ದಿವಾಳಿಯೆಂದು ಘೋಷಿತನಾದರೆ ಆ ದಿನದಿಂದಲೇ ಅವನು ಪಾಲುದಾರನಾಗಿ ಉಳಿಯುವುದಿಲ್ಲ.

ಮೂರು, ಪ್ರೈವೇಟ್ ಲಿಮಿಟೆಡ್ ಕಂಪನಿ ಅಥವಾ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ. ಇಲ್ಲಿ ಸಾಲವು ಸಂಸ್ಥೆಯದು. ಆದರೆ ನಿರ್ದೇಶಕರು ಬ್ಯಾಂಕಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದರೆ ಆ ಮಟ್ಟಿಗೆ ಅವರೂ ಹೊಣೆಗಾರರಾಗುತ್ತಾರೆ.

2016ರ ದಿವಾಳಿ ಸಂಹಿತೆ ಬಂದ ನಂತರ ಹಳೆಯ ಕಾನೂನುಗಳೆಲ್ಲ ಹೋದವೆಂಬ ಭಾವನೆ ವ್ಯಾಪಾರಸ್ಥರಲ್ಲಿ ವ್ಯಾಪಕವಾಗಿದೆ. ಇದು ಪೂರ್ತಿ ನಿಜವಲ್ಲ. ಆ ಸಂಹಿತೆಯಲ್ಲಿ ಕಂಪನಿಗಳಿಗೆ ಸಂಬಂಧಿಸಿದ ಭಾಗ ಜಾರಿಗೆ ಬಂದಿದೆ. ವ್ಯಕ್ತಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಸಂಬಂಧಿಸಿದ ಮೂರನೆಯ ಭಾಗವು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಹೀಗಾಗಿ ಚಿಕ್ಕನರಗುಂದದ ಕಿರಾಣಿ ವರ್ತಕ, ಕಾಳುಕಡಿ ವ್ಯಾಪಾರಿ, ಹಿಟ್ಟಿನ ಗಿರಣಿಯ ಮಾಲೀಕ ಇವರಿಗೆಲ್ಲ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಅಧಿನಿಯಮವೇ. ವಕೀಲರ ಆಯ್ಕೆಯಲ್ಲಿ ಆಗುವ ಮೊದಲ ತಪ್ಪು ಇಲ್ಲಿಯೇ: ಏಕಮಾಲೀಕನು ಕಂಪನಿ ಕಾನೂನಿನ ವಕೀಲರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗುತ್ತಾನೆ, ಕಂಪನಿಯ ನಿರ್ದೇಶಕನು ಊರಿನ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ಕಾಲ ಕಳೆಯುತ್ತಾನೆ.

1920ರ ಅಧಿನಿಯಮದ ಮುಖ್ಯಾಂಶಗಳು

ಈ ಅಧಿನಿಯಮದಂತೆ ದಿವಾಳಿ ಅರ್ಜಿಯ ಅಧಿಕಾರವಿರುವುದು ಜಿಲ್ಲಾ ನ್ಯಾಯಾಲಯಕ್ಕೆ. ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಅಧೀನ ನ್ಯಾಯಾಲಯಗಳಿಗೂ ಆ ಅಧಿಕಾರವನ್ನು ಕೊಡಬಹುದು. ಸಾಲಗಾರನು ಸಾಮಾನ್ಯವಾಗಿ ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳದ ಮೇಲೆ ನ್ಯಾಯಾಲಯ ನಿರ್ಧಾರವಾಗುತ್ತದೆ. 1997ರಲ್ಲಿ ಗದಗ ಜಿಲ್ಲೆಯು ಧಾರವಾಡದಿಂದ ಬೇರೆಯಾದ ಮೇಲೆ ಚಿಕ್ಕನರಗುಂದದವರಿಗೆ ಜಿಲ್ಲಾ ನ್ಯಾಯಾಲಯವೆಂದರೆ ಗದಗಿನದು.

ಸಾಲಗಾರನು ತಾನೇ ಅರ್ಜಿ ಸಲ್ಲಿಸಬೇಕಾದರೆ ಸಾಲ ತೀರಿಸಲು ಅಶಕ್ತನಾಗಿರಬೇಕು. ಅದರ ಜೊತೆಗೆ ಸಾಲವು 500 ರೂಪಾಯಿಗೆ ಕಡಿಮೆಯಿಲ್ಲದಿರಬೇಕು. ಇಲ್ಲವೇ ಹಣದ ಡಿಕ್ರಿಯ ಜಾರಿಯಲ್ಲಿ ಅವನು ಬಂಧಿತನಾಗಿರಬೇಕು. ಇಲ್ಲವೇ ಅವನ ಆಸ್ತಿಯ ಮೇಲೆ ಜಪ್ತಿ ಆದೇಶವಿರಬೇಕು. ಸಾಲ ಕೊಟ್ಟವನೂ ಅರ್ಜಿ ಸಲ್ಲಿಸಬಹುದು. ಆದರೆ ಸಾಲಗಾರನು ಅರ್ಜಿಯ ಹಿಂದಿನ ಮೂರು ತಿಂಗಳೊಳಗೆ ಕಾನೂನು ಹೆಸರಿಸಿರುವ 'ದಿವಾಳಿ ಕೃತ್ಯ'ಗಳಲ್ಲಿ ಒಂದನ್ನು ಎಸಗಿರಬೇಕು. ಸಾಲ ಕೊಟ್ಟವರನ್ನು ವಂಚಿಸಲು ಅಥವಾ ವಿಳಂಬಿಸಲು ಆಸ್ತಿಯನ್ನು ವರ್ಗಾಯಿಸುವುದು, ಅದೇ ಉದ್ದೇಶದಿಂದ ಅಂಗಡಿಗೆ ಬೀಗ ಹಾಕಿ ಊರು ಬಿಡುವುದು, ಹಣ ಕೊಡುವುದನ್ನು ನಿಲ್ಲಿಸಿರುವುದಾಗಿ ಸಾಲ ಕೊಟ್ಟವರಲ್ಲಿ ಯಾರಿಗಾದರೂ ಸೂಚನೆ ಕೊಡುವುದು ಈ ಪಟ್ಟಿಯಲ್ಲಿವೆ. ಸಾಲಕ್ಕೆ ಅಂಜಿ ಊರು ಬಿಟ್ಟವನು ಸಾಲ ಕೊಟ್ಟವರ ಕೈಗೆ ತಾನೇ ಆಯುಧ ಕೊಟ್ಟಂತಾಗುತ್ತದೆ.

ನ್ಯಾಯಾಲಯವು ದಿವಾಳಿಯೆಂದು ಘೋಷಿಸಿದೊಡನೆ ಸಾಲಗಾರನ ಆಸ್ತಿಯು ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರರ ವಶವಾಗುತ್ತದೆ. ಆ ಬಳಿಕ ನ್ಯಾಯಾಲಯದ ಅನುಮತಿಯಿಲ್ಲದೆ ಯಾವ ಸಾಲದಾತನೂ ಆ ಆಸ್ತಿಯ ಮೇಲೆ ಕ್ರಮ ಜರುಗಿಸುವಂತಿಲ್ಲ. ಇದಕ್ಕೆ ಮುಖ್ಯವಾದ ಅಪವಾದವೊಂದಿದೆ. ಅಡಮಾನ ಮಾಡಿಸಿಕೊಂಡ ಬ್ಯಾಂಕಿನಂಥ ಆಧಾರವುಳ್ಳ ಸಾಲದಾತರು ಆ ಅಡಮಾನದ ಆಸ್ತಿಯನ್ನು ಮಾರಿಸಿ ಹಣ ಪಡೆಯುವ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಜಪ್ತಿಗೆ ಒಳಪಡದ ಕುಶಲಕರ್ಮಿಯ ಸಲಕರಣೆಗಳು, ರೈತನು ವಾಸಿಸುವ ಸ್ವಂತ ಮನೆ ಮುಂತಾದವು ರಿಸೀವರರ ವಶಕ್ಕೆ ಹೋಗುವುದಿಲ್ಲ. ಕೃಷಿಕನಲ್ಲದ ವರ್ತಕನ ಮನೆಗೆ ಈ ರಕ್ಷಣೆ ತಾನಾಗಿ ದೊರೆಯದು. ವ್ಯಾಪಾರದ ಜೊತೆಗೆ ಸಾಗುವಳಿಯೂ ಇರುವ ಕುಟುಂಬಗಳು ಈ ಭಾಗದಲ್ಲಿ ಹೆಚ್ಚಾಗಿರುವುದರಿಂದ ಈ ಅಂಶವನ್ನು ವಕೀಲರಲ್ಲಿ ವಿಶೇಷವಾಗಿ ವಿಚಾರಿಸಬೇಕು.

ದಿವಾಳಿ ಘೋಷಣೆಯಿಂದಲೇ ಸಾಲ ಮನ್ನಾ ಆಗುತ್ತದೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಘೋಷಣೆಯ ಆದೇಶದಲ್ಲಿಯೇ ನ್ಯಾಯಾಲಯವು ವಿಮೋಚನೆಗೆ ಅರ್ಜಿ ಹಾಕಲು ಅವಧಿಯನ್ನು ಗೊತ್ತುಪಡಿಸುತ್ತದೆ. ಸಾಲಗಾರನು ಆ ಅವಧಿಯೊಳಗೆ ಪ್ರತ್ಯೇಕ ಅರ್ಜಿ ಸಲ್ಲಿಸಿ ವಿಮೋಚನೆಯ ಆದೇಶ ಪಡೆದರೆ ಮಾತ್ರ ಹಳೆಯ ಸಾಲಗಳಿಂದ ಬಿಡುಗಡೆ. ಅವಧಿಯನ್ನು ಮರೆತರೆ ಘೋಷಣೆಯೇ ರದ್ದಾಗುತ್ತದೆ, ಮತ್ತೊಮ್ಮೆ ಅರ್ಜಿ ಹಾಕಲು ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ವಿಮೋಚನೆ ದೊರೆತ ಮೇಲೂ ಸರ್ಕಾರಕ್ಕೆ ಕೊಡಬೇಕಾದ ಬಾಕಿ, ವಂಚನೆಯಿಂದ ಮಾಡಿದ ಸಾಲ, ಜೀವನಾಂಶದ ಹೊಣೆ ಇವು ಉಳಿದುಕೊಳ್ಳುತ್ತವೆ. ಜಾಮೀನು ನಿಂತ ಅಣ್ಣತಮ್ಮಂದಿರಾಗಲಿ ಸ್ನೇಹಿತರಾಗಲಿ ಬಿಡುಗಡೆ ಹೊಂದುವುದಿಲ್ಲ.

ಒಂದು ಲೆಕ್ಕ

ಕಾನೂನು ಹೇಗೆ ಕೆಲಸ ಮಾಡುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಬೇಳೆ ಗಿರಣಿಯ ಏಕಮಾಲೀಕನೊಬ್ಬನಿಗೆ ಬ್ಯಾಂಕಿನ ಸಾಲ 18 ಲಕ್ಷ ರೂಪಾಯಿ ಇದ್ದು, ಅದಕ್ಕೆ ಗಿರಣಿಯನ್ನು ಅಡಮಾನವಿಡಲಾಗಿದೆ. ಮಾಲು ಕೊಟ್ಟವರ ಬಾಕಿ 14 ಲಕ್ಷ, ಕೈಗಡ 6 ಲಕ್ಷ, ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ 1 ಲಕ್ಷ. ಗಿರಣಿಯ ಮಾರಾಟದಿಂದ 15 ಲಕ್ಷ ಬರುತ್ತದೆ. ದಾಸ್ತಾನಿನಿಂದ 3 ಲಕ್ಷ, ಬರಬೇಕಾದ ಬಾಕಿಯ ವಸೂಲಿಯಿಂದ 5 ಲಕ್ಷ ಸಿಗುತ್ತದೆ. ಅವನು ವಾಸಿಸುವ ಮನೆ ಬಾಡಿಗೆಯದು.

ಗಿರಣಿಯ 15 ಲಕ್ಷ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕಿನ ಉಳಿದ 3 ಲಕ್ಷಕ್ಕೆ ಆಧಾರವಿಲ್ಲದ್ದರಿಂದ ಅದು ಇತರರ ಬಾಕಿಯ ಸಾಲಿಗೆ ಸೇರುತ್ತದೆ. ಹೀಗೆ ಆಧಾರರಹಿತ ಸಾಲದ ಮೊತ್ತ 14, 6, 1 ಮತ್ತು 3 ಸೇರಿ 24 ಲಕ್ಷ. ಅದಕ್ಕೆ ಎದುರಾಗಿರುವ ಆಸ್ತಿ 8 ಲಕ್ಷ. ಅಂದರೆ ರೂಪಾಯಿಗೆ ಸುಮಾರು 33 ಪೈಸೆ. ಇದರಲ್ಲಿ ಸರ್ಕಾರದ ಬಾಕಿಗೆ ಆದ್ಯತೆಯಿದ್ದು, ಉಳಿದದ್ದನ್ನು ಮಿಕ್ಕವರು ಪ್ರಮಾಣಾನುಸಾರ ಹಂಚಿಕೊಳ್ಳಬೇಕು.

ಅಧಿನಿಯಮದ 42ನೇ ಕಲಮಿನಂತೆ ಆಸ್ತಿಯು ಆಧಾರರಹಿತ ಸಾಲದ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ ನ್ಯಾಯಾಲಯವು ಪೂರ್ಣ ವಿಮೋಚನೆಯನ್ನು ಕೊಡುವಂತಿಲ್ಲ. ಕೊರತೆಗೆ ತಾನು ಹೊಣೆಯಲ್ಲದ ಕಾರಣಗಳೇ ಮೂಲವೆಂದು ಸಾಲಗಾರನು ಮನಗಾಣಿಸಿದರೆ ಮಾತ್ರ ಈ ಅಡ್ಡಿ ನಿವಾರಣೆಯಾಗುತ್ತದೆ. ಧಾರಣೆ ಕುಸಿದದ್ದು, ಮಳೆಯಲ್ಲಿ ದಾಸ್ತಾನು ಹಾಳಾದದ್ದು, ದೊಡ್ಡ ಖರೀದಿದಾರನು ಹಣ ಮುಳುಗಿಸಿದ್ದು ಇವೆಲ್ಲ ಅಂಥ ಕಾರಣಗಳಾಗಬಲ್ಲವು. ಆದರೆ ಬಾಯಿಮಾತು ಸಾಲದು. ದಿವಾಳಿಯ ಹಿಂದಿನ ಮೂರು ವರ್ಷಗಳ ಸರಿಯಾದ ಲೆಕ್ಕಪುಸ್ತಕಗಳನ್ನು ಇಡದಿರುವುದೂ, ತಾನು ಮುಳುಗಿದ್ದೇನೆಂದು ತಿಳಿದ ಮೇಲೂ ವ್ಯಾಪಾರ ಮುಂದುವರಿಸಿ ಸಾಲ ಬೆಳೆಸುವುದೂ ಅದೇ ಕಲಮಿನಲ್ಲಿ ಪೂರ್ಣ ವಿಮೋಚನೆಗೆ ಅಡ್ಡಿಗಳೆಂದು ಹೇಳಲಾಗಿದೆ. ಅಂಥ ಸಂದರ್ಭದಲ್ಲಿ ವಿಮೋಚನೆಯನ್ನು ಕೆಲಕಾಲ ತಡೆಹಿಡಿಯಬಹುದು ಅಥವಾ ಮುಂದಿನ ಗಳಿಕೆಯ ಮೇಲೆ ಷರತ್ತು ಹಾಕಿ ಕೊಡಬಹುದು. ಕಿರ್ದಿ-ಖಾತೆಗಳನ್ನು ಚೊಕ್ಕಟವಾಗಿಟ್ಟ ವರ್ತಕನಿಗೂ ಚೀಟಿಯ ಮೇಲೆ ಲೆಕ್ಕ ಬರೆದವನಿಗೂ ನ್ಯಾಯಾಲಯದಲ್ಲಿ ಆಗುವ ವ್ಯತ್ಯಾಸ ಇದೇ.

ಕಂಪನಿಗಳಾದರೆ

ಕಂಪನಿ ಹಾಗೂ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗಳ ದಿವಾಳಿ ಪ್ರಕರಣಗಳು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆ ನಡೆಯುತ್ತವೆ. ಕರ್ನಾಟಕಕ್ಕೆ ಅದರ ಪೀಠವಿರುವುದು ಬೆಂಗಳೂರಿನಲ್ಲಿ. ಬಾಕಿಯ ಕನಿಷ್ಠ ಮಿತಿಯನ್ನು 2020ರ ಮಾರ್ಚ್ 24ರಂದು 1 ಲಕ್ಷ ರೂಪಾಯಿಯಿಂದ 1 ಕೋಟಿ ರೂಪಾಯಿಗೆ ಏರಿಸಲಾಯಿತು. ಆದುದರಿಂದ ಕಂಪನಿಯೊಂದರಿಂದ 20 ಲಕ್ಷ ಬರಬೇಕಾದ ಸಣ್ಣ ತಯಾರಕನು ಈ ಮಾರ್ಗವನ್ನು ಹಿಡಿಯುವಂತಿಲ್ಲ. ಮಿತಿಯೊಳಗೆ ಬರುವ ಮಾಲು ಪೂರೈಕೆದಾರನು ಮೊದಲು ಬೇಡಿಕೆ ನೋಟೀಸು ಕೊಟ್ಟು ಹತ್ತು ದಿನ ಕಾಯಬೇಕು. ಆ ಅವಧಿಯಲ್ಲಿ ಹಣವೂ ಬರದೆ ತಕರಾರೂ ಬರದಿದ್ದರೆ ಮಾತ್ರ ಅರ್ಜಿ. ಸಾಲಿನ ಬಗ್ಗೆ ನೋಟೀಸಿಗಿಂತ ಮೊದಲೇ ನಿಜವಾದ ವ್ಯಾಜ್ಯವಿದ್ದರೆ ಅರ್ಜಿ ನಿಲ್ಲುವುದಿಲ್ಲ.

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳೆನಿಸಿದ ಕಂಪನಿಗಳಿಗೆ 2021ರ ಏಪ್ರಿಲ್‌ನಲ್ಲಿ ಪೂರ್ವಸಿದ್ಧ ಪರಿಹಾರದ ವಿಶೇಷ ಕ್ರಮವೊಂದನ್ನು ತರಲಾಯಿತು. ಇದರಲ್ಲಿ ಕನಿಷ್ಠ ಬಾಕಿ 10 ಲಕ್ಷ ರೂಪಾಯಿ. ಸಾಲ ಕೊಟ್ಟ ಹಣಕಾಸು ಸಂಸ್ಥೆಗಳಲ್ಲಿ ಮೌಲ್ಯದ ಲೆಕ್ಕದಲ್ಲಿ ಶೇ. 66ರಷ್ಟು ಒಪ್ಪಿದರೆ ಹಳೆಯ ಆಡಳಿತ ಮಂಡಳಿಯೇ ವ್ಯವಹಾರ ನಡೆಸುತ್ತ 120 ದಿನಗಳೊಳಗೆ ಪರಿಹಾರ ಯೋಜನೆಯನ್ನು ಮುಗಿಸಿಕೊಳ್ಳಬಹುದು. ಕಾರ್ಖಾನೆಯನ್ನು ಕೈಬಿಡದೆ ಉಳಿಸಿಕೊಳ್ಳಲು ಬಯಸುವ ಕಂಪನಿಗಳು ಈ ಕ್ರಮವನ್ನು ಕುರಿತು ವಕೀಲರಲ್ಲಿ ಅವಶ್ಯವಾಗಿ ಕೇಳಬೇಕು.

ಇಲ್ಲಿ ವಕೀಲರಿಗೂ ದಿವಾಳಿ ವೃತ್ತಿಪರರಿಗೂ ಇರುವ ಭೇದವನ್ನು ತಿಳಿದಿರಬೇಕು. ದಿವಾಳಿ ವೃತ್ತಿಪರರು ಭಾರತೀಯ ದಿವಾಳಿ ಮಂಡಳಿಯಲ್ಲಿ ನೋಂದಾಯಿತರಾಗಿದ್ದು, ಪ್ರಕ್ರಿಯೆಯನ್ನು ನಿಷ್ಪಕ್ಷಪಾತವಾಗಿ ನಡೆಸುವವರು. ಅವರು ಒಬ್ಬರ ಪರವಾಗಿ ವಾದಿಸುವವರಲ್ಲ. ನ್ಯಾಯಮಂಡಳಿಯ ಮುಂದೆ ವಾದಿಸಲು ವಕೀಲರಲ್ಲದೆ ಚಾರ್ಟರ್ಡ್ ಅಕೌಂಟೆಂಟರು, ಕಂಪನಿ ಸೆಕ್ರೆಟರಿಗಳು ಹಾಗೂ ಕಾಸ್ಟ್ ಅಕೌಂಟೆಂಟರಿಗೂ ಅವಕಾಶವಿದೆ.

ದಿವಾಳಿಗಿಂತ ಮೊದಲಿನ ದಾರಿಗಳು

ಒಳ್ಳೆಯ ವಕೀಲರು ಮೊದಲ ಭೇಟಿಯಲ್ಲಿಯೇ ದಿವಾಳಿ ಅರ್ಜಿಯ ಕಾಗದ ಸಿದ್ಧಪಡಿಸುವುದಿಲ್ಲ. ಬೇರೆ ದಾರಿಗಳು ಉಳಿದಿವೆಯೇ ಎಂದು ಪರಿಶೀಲಿಸುತ್ತಾರೆ.

ಬ್ಯಾಂಕ್ ಸಾಲವು ಸುಸ್ತಿಯಾಗುವ ಲಕ್ಷಣ ಕಂಡಾಗ ಸಣ್ಣ ಉದ್ದಿಮೆಗಳ ಪುನಶ್ಚೇತನಕ್ಕಾಗಿ 2015ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಚೌಕಟ್ಟಿನಂತೆ ಬ್ಯಾಂಕಿನ ಸಮಿತಿಗೆ ಮನವಿ ಸಲ್ಲಿಸಬಹುದು. ಇದು 25 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ರೂಪಿಸಿದ್ದು. ಸಾಲವು ಅನುತ್ಪಾದಕವೆಂದು ವರ್ಗೀಕರಣಗೊಂಡು 2002ರ ಸರ್ಫೇಸಿ ಅಧಿನಿಯಮದ ನೋಟೀಸು ಬಂದರೆ 60 ದಿನಗಳ ಅವಧಿಯಿರುತ್ತದೆ. ಆ ಅವಧಿಯಲ್ಲಿ ಲಿಖಿತ ಆಕ್ಷೇಪ ಸಲ್ಲಿಸಿದರೆ ಬ್ಯಾಂಕು 15 ದಿನಗಳೊಳಗೆ ಉತ್ತರಿಸಬೇಕು. ಆಸ್ತಿಯನ್ನು ವಶಪಡಿಸಿಕೊಳ್ಳುವ ಕ್ರಮವನ್ನು ಪ್ರಶ್ನಿಸಲು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನಗಳೊಳಗೆ ಹೋಗಬೇಕು. ಕೃಷಿ ಭೂಮಿಯ ಮೇಲಿನ ಆಧಾರಕ್ಕೆ ಈ ಅಧಿನಿಯಮ ಅನ್ವಯಿಸುವುದಿಲ್ಲ. ಈ ದಿನಗಳ ಲೆಕ್ಕ ತಪ್ಪಿದರೆ ಎಷ್ಟೇ ಸಮರ್ಥ ವಕೀಲರಿಗೂ ಪ್ರಕರಣವನ್ನು ಸರಿಪಡಿಸುವುದು ಕಷ್ಟ.

ಸಹಕಾರ ಚಳವಳಿಯ ತವರಾದ ಗದಗ ಜಿಲ್ಲೆಯಲ್ಲಿ ಸಹಕಾರಿ ಸಂಘಗಳಿಂದ ಸಾಲ ಪಡೆದ ವರ್ತಕರು ಅನೇಕರಿದ್ದಾರೆ. 1905ರಲ್ಲಿಯೇ ಕಣಗಿನಹಾಳದಲ್ಲಿ ಸಹಕಾರ ಸಂಘ ಸ್ಥಾಪನೆಯಾಯಿತು. ಸಂಘ ಮತ್ತು ಸದಸ್ಯರ ನಡುವಿನ ವ್ಯಾಜ್ಯಗಳು 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ 70ನೇ ಕಲಮಿನಂತೆ ಸಹಕಾರ ಇಲಾಖೆಯ ರಿಜಿಸ್ಟ್ರಾರರ ಮುಂದೆ ಹೋಗುತ್ತವೆಯೇ ಹೊರತು ಸಿವಿಲ್ ನ್ಯಾಯಾಲಯಕ್ಕಲ್ಲ. ಆದ್ದರಿಂದ ಸಾಲವು ಸಹಕಾರಿ ಸಂಘದ್ದಾದರೆ ಆ ಕ್ಷೇತ್ರದಲ್ಲಿ ಅನುಭವವುಳ್ಳ ವಕೀಲರು ಬೇಕು.

ತಾನು ಮುಳುಗುತ್ತಿರುವುದು ಬೇರೆಯವರ ಬಾಕಿಯಿಂದಾದರೆ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ 2006ರ ಅಧಿನಿಯಮದ ರಕ್ಷಣೆಯಿದೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಖರೀದಿದಾರನು 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಚಕ್ರಬಡ್ಡಿ ತೆರಬೇಕು. ದೂರನ್ನು ಸೌಲಭ್ಯ ಮಂಡಳಿಗೆ ಸಲ್ಲಿಸಬೇಕು. ಕೇವಲ ಖರೀದಿಸಿ ಮಾರುವ ವರ್ತಕರನ್ನು 2021ರಲ್ಲಿ ಈ ವರ್ಗಕ್ಕೆ ಸೇರಿಸಿದ್ದು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರವೆಂಬುದನ್ನು ನೆನಪಿಡಬೇಕು.

ಮಾತುಕತೆಯ ಒಪ್ಪಂದಕ್ಕೆ ಲೋಕ ಅದಾಲತ್ ಒಳ್ಳೆಯ ವೇದಿಕೆ. ಅಲ್ಲಿ ಆದ ಒಪ್ಪಂದಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿದ್ದು, ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳಿ ಬರುತ್ತದೆ.

ವಕೀಲರನ್ನು ಎಲ್ಲಿ ಹುಡುಕಬೇಕು?

ವಕೀಲರು ಜಾಹೀರಾತು ಕೊಡುವುದನ್ನು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮವು ನಿಷೇಧಿಸಿದೆ. ಆದುದರಿಂದ "ಸಾಲಮುಕ್ತಿ ಖಚಿತ" ಎಂಬ ಫಲಕಗಳನ್ನೂ, ಮಧ್ಯವರ್ತಿಗಳ ಮೊಬೈಲ್ ಸಂದೇಶಗಳನ್ನೂ ನಂಬುವುದು ಅಪಾಯಕರ. ಸರಿಯಾದ ಮಾರ್ಗಗಳು ಬೇರೆ ಇವೆ.

ನರಗುಂದದ ತಾಲ್ಲೂಕು ನ್ಯಾಯಾಲಯದ ವಕೀಲರ ಸಂಘ ಹಾಗೂ ಗದಗ ಜಿಲ್ಲಾ ನ್ಯಾಯಾಲಯದ ವಕೀಲರ ಸಂಘಗಳಲ್ಲಿ ವಿಚಾರಿಸಿದರೆ ಹಣದ ದಾವೆ, ಜಾರಿ ಅರ್ಜಿ, ದಿವಾಳಿ ಅರ್ಜಿಗಳನ್ನು ನಡೆಸಿದವರ ಹೆಸರು ತಿಳಿಯುತ್ತದೆ. ವರ್ಷವೂ ಲೆಕ್ಕ ನೋಡುವ ತೆರಿಗೆ ಸಲಹೆಗಾರರೂ ಲೆಕ್ಕ ಪರಿಶೋಧಕರೂ ತಿಳಿದಿರುವ ಸಾಧ್ಯತೆ ಹೆಚ್ಚು. ಹೆಸರು ತಿಳಿದ ಮೇಲೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಗದಗ ಜಿಲ್ಲೆಯನ್ನು ಆರಿಸಿ ವಕೀಲರ ಹೆಸರಿನಿಂದ ಹುಡುಕಿದರೆ ಅವರು ನಡೆಸುತ್ತಿರುವ ಪ್ರಕರಣಗಳ ಸ್ವರೂಪ ಕಾಣುತ್ತದೆ. ಇದಕ್ಕೆ ಯಾವ ಖರ್ಚೂ ಇಲ್ಲ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಮಹಿಳಾ ಉದ್ಯಮಿಗಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಉಚಿತ ವಕೀಲರ ನೆರವಿಗೆ ಅರ್ಹರು. ಮಹಿಳೆಯರಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನಾಗಲಿ 15100 ಸಹಾಯವಾಣಿಯನ್ನಾಗಲಿ ಸಂಪರ್ಕಿಸಬಹುದು.

ಏಕಮಾಲೀಕ ಮತ್ತು ಪಾಲುದಾರರಿಗೆ ನರಗುಂದ ಅಥವಾ ಗದಗಿನ ವಕೀಲರೇ ಹೆಚ್ಚು ಉಪಯುಕ್ತರು. ದಿವಾಳಿ ಪ್ರಕರಣದಲ್ಲಿ ರಿಸೀವರರ ಭೇಟಿ, ಸಾಲದಾತರ ಹೇಳಿಕೆ, ಉತಾರ ಮತ್ತು ಪಹಣಿಗಳ ಪರಿಶೀಲನೆ ಎಂದು ಹತ್ತಾರು ಸಲ ಓಡಾಟವಿರುತ್ತದೆ. ಜಿಲ್ಲಾ ನ್ಯಾಯಾಲಯದ ಆದೇಶದ ವಿರುದ್ಧ ಹೈಕೋರ್ಟಿಗೆ ಹೋಗಬೇಕಾದರೆ ಧಾರವಾಡ ಪೀಠವಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಅದು 2013ರಲ್ಲಿ ಖಾಯಂ ಆಯಿತು. ಕಂಪನಿಯವರು ಮಾತ್ರ ಬೆಂಗಳೂರಿನ ನ್ಯಾಯಮಂಡಳಿಯಲ್ಲಿ ಅನುಭವವುಳ್ಳವರನ್ನು ನೇಮಿಸಿ, ಸ್ಥಳೀಯ ಕಾಗದಪತ್ರಗಳಿಗೆ ಊರಿನ ವಕೀಲರ ನೆರವನ್ನೂ ಪಡೆಯುವುದು ಅನುಕೂಲ.

ಮೊದಲ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಈ ಸಾಲಕ್ಕೆ ಯಾವ ಕಾನೂನು ಅನ್ವಯಿಸುತ್ತದೆ? ಇತ್ತೀಚೆಗೆ ಹೊಸ ಅಧಿಸೂಚನೆಯೇನಾದರೂ ಬಂದಿದೆಯೇ?

2. ಅರ್ಜಿಯನ್ನು ಯಾವ ನ್ಯಾಯಾಲಯದಲ್ಲಿ ಸಲ್ಲಿಸಬೇಕು? ಈ ಪ್ರಶ್ನೆಗೆ ಕಲಂ ಸಹಿತ ಉತ್ತರ ಕೊಡಬಲ್ಲವರು ಕೆಲಸ ಬಲ್ಲವರು.

3. ಇಂಥ ಅರ್ಜಿಗಳನ್ನು ಹಿಂದೆ ನಡೆಸಿದ್ದಾರೆಯೇ? ಅವು ವಿಮೋಚನೆಯ ಆದೇಶದವರೆಗೆ ಮುಟ್ಟಿವೆಯೇ?

4. ಸಾಲ ಕೊಟ್ಟ ಬ್ಯಾಂಕಿನ, ಸಂಘದ ಅಥವಾ ವ್ಯಾಪಾರಿಯ ಪರವಾಗಿ ಅವರು ಕೆಲಸ ಮಾಡುತ್ತಿದ್ದಾರೆಯೇ? ಸಣ್ಣ ಊರುಗಳಲ್ಲಿ ಇದು ಸಹಜವಾಗಿ ಸಂಭವಿಸುತ್ತದೆ. ಒಂದು ಪ್ರಕರಣದಲ್ಲಿ ಎದುರು ಪಕ್ಷಕ್ಕೆ ಸಲಹೆ ನೀಡಿದ ವಕೀಲರು ಅದೇ ಪ್ರಕರಣದಲ್ಲಿ ಇನ್ನೊಂದು ಪಕ್ಷಕ್ಕೆ ನಿಲ್ಲುವಂತಿಲ್ಲ.

5. ಅರ್ಜಿ ಹಾಕಿದ ಮೇಲೆ ಚೆಕ್ಕು ಅಮಾನ್ಯದ ಪ್ರಕರಣಗಳ ಗತಿಯೇನು? ಕಂಪನಿಯ ಮೇಲಿನ ಅಂಥ ಪ್ರಕರಣಕ್ಕೆ ದಿವಾಳಿ ಸಂಹಿತೆಯ ತಡೆ ಅನ್ವಯಿಸಿದರೂ ನಿರ್ದೇಶಕರ ಮೇಲಿನದಕ್ಕೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪಿತ್ತಿದೆ.

6. ಜಾಮೀನು ನಿಂತವರಿಗೆ ಏನಾಗುತ್ತದೆ? ಅವರಿಗೆ ಬೇರೆ ವಕೀಲರು ಬೇಕೇ?

7. ಶುಲ್ಕವೆಷ್ಟು, ಯಾವ ಹಂತದಲ್ಲಿ ಎಷ್ಟು? ಗೆದ್ದರೆ ಇಷ್ಟು ಪಾಲು ಎಂಬ ಕರಾರು ಮಾಡಿಕೊಳ್ಳುವುದನ್ನು ವೃತ್ತಿ ನಿಯಮಗಳು ನಿಷೇಧಿಸಿವೆ. ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು. ಖಾಲಿ ಕಾಗದಕ್ಕೆ ಸಹಿ ಮಾಡಬಾರದು. ವಕಾಲತ್ತನ್ನು ಓದಿಯೇ ಸಹಿ ಮಾಡಬೇಕು.

ಭೇಟಿಗೆ ಹೋಗುವಾಗ ಮೂರು ವರ್ಷಗಳ ಕಿರ್ದಿ-ಖಾತೆ, ತೆರಿಗೆ ವಿವರಣೆಗಳು, ಬ್ಯಾಂಕಿನ ಲೆಕ್ಕಪಟ್ಟಿ, ಎಲ್ಲ ಸಾಲದಾತರ ಹೆಸರು, ವಿಳಾಸ ಮತ್ತು ಮೊತ್ತದ ಯಾದಿ, ಬರಬೇಕಾದ ಬಾಕಿಯ ಯಾದಿ, ಆಸ್ತಿ ಪತ್ರಗಳು, ಬಂದ ನೋಟೀಸುಗಳು ಲಕೋಟೆ ಸಹಿತ ಜೊತೆಗಿರಬೇಕು. ಲಕೋಟೆಯ ಮೇಲಿನ ಅಂಚೆ ಮುದ್ರೆಯಿಂದಲೇ ಅವಧಿಯ ಲೆಕ್ಕ ಆರಂಭಿಸಬೇಕಾದ ಸಂದರ್ಭಗಳುಂಟು. ಕೈಗಡವನ್ನಾಗಲಿ ಖಾಸಗಿ ಬಡ್ಡಿ ಸಾಲವನ್ನಾಗಲಿ ಮುಚ್ಚಿಡಬಾರದು. ಕಕ್ಷಿದಾರನು ವಕೀಲರಿಗೆ ವೃತ್ತಿ ಸಂಬಂಧದಲ್ಲಿ ಹೇಳಿದ ವಿಷಯಕ್ಕೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಗೋಪ್ಯತೆಯ ರಕ್ಷಣೆಯಿದೆ. ಕಾನೂನುಬಾಹಿರ ಕಾರ್ಯಕ್ಕೆ ಕೇಳಿದ ನೆರವಿಗೆ ಮಾತ್ರ ಆ ರಕ್ಷಣೆಯಿಲ್ಲ.

ಮಾಡಬಾರದ ಕೆಲಸಗಳು

ಸಂಕಟದ ಕಾಲದಲ್ಲಿ ಹಿತೈಷಿಗಳು ಕೊಡುವ ಮೊದಲ ಸಲಹೆಯೆಂದರೆ ಮನೆಯನ್ನೋ ಹೊಲವನ್ನೋ ಹೆಂಡತಿಯ ಅಥವಾ ಮಕ್ಕಳ ಹೆಸರಿಗೆ ಬರೆದುಬಿಡುವುದು. ವರ್ಗಾವಣೆಯ ಎರಡು ವರ್ಷಗಳೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ದಿವಾಳಿ ಘೋಷಣೆಯಾದರೆ, ಸದ್ಭಾವನೆಯಿಂದ ತಕ್ಕ ಬೆಲೆ ಪಡೆಯದೆ ಮಾಡಿದ ಇಂಥ ವರ್ಗಾವಣೆಗಳನ್ನು ನ್ಯಾಯಾಲಯ ರದ್ದುಪಡಿಸಬಹುದು. ಬೀಗರಿಗೋ ಗೆಳೆಯರಿಗೋ ಮೊದಲು ತೀರಿಸಿಬಿಡೋಣವೆಂದು ಅವರಿಗೆ ಪ್ರಾಶಸ್ತ್ಯ ಕೊಡುವ ಉದ್ದೇಶದಿಂದ ಅರ್ಜಿಯ ಹಿಂದಿನ ಮೂರು ತಿಂಗಳೊಳಗೆ ಮಾಡಿದ ಪಾವತಿಯೂ ನಿಲ್ಲುವುದಿಲ್ಲ. ಲೆಕ್ಕಪುಸ್ತಕಗಳನ್ನು ವಂಚನೆಯ ಉದ್ದೇಶದಿಂದ ನಾಶಪಡಿಸಿದರೆ ಒಂದು ವರ್ಷದವರೆಗೆ ಸೆರೆವಾಸವಿದೆ. ವಿಮೋಚನೆ ಪಡೆಯದ ದಿವಾಳಿಯು ತನ್ನ ಸ್ಥಿತಿಯನ್ನು ತಿಳಿಸದೆ 50 ರೂಪಾಯಿ ಅಥವಾ ಹೆಚ್ಚಿನ ಉದ್ದರಿ ಪಡೆಯುವುದೂ ಅಪರಾಧ. ಗ್ರಾಮ ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗಳ ಸದಸ್ಯತ್ವಕ್ಕೂ ಅಂಥವನು ಅನರ್ಹನಾಗುತ್ತಾನೆಂಬುದನ್ನು ಊರಿನ ಸಾರ್ವಜನಿಕ ಜೀವನದಲ್ಲಿರುವ ವರ್ತಕರು ಅರಿತಿರಬೇಕು.

ಇನ್ನೊಂದೆಡೆ ಅನಗತ್ಯವಾದ ಭಯಕ್ಕೂ ಆಸ್ಪದವಿಲ್ಲ. ಸಾಲ ತೀರಿಸಲಾಗದ ಬಡತನವೊಂದಕ್ಕೇ ಯಾರನ್ನೂ ಸಿವಿಲ್ ಜೈಲಿಗೆ ಕಳುಹಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 1980ರಲ್ಲಿಯೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಹಣವಿದ್ದೂ ಕೊಡದ ದುರುದ್ದೇಶ ಸಾಬೀತಾಗಬೇಕು. ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸುವಂತೆಯೇ ಇಲ್ಲ. ಡಿಕ್ರಿಯ ಜಾರಿಯಲ್ಲಿ ಬಂಧಿತನಾಗಿ ಬಂದವನಿಗೆ, ದಿವಾಳಿ ಅರ್ಜಿ ಹಾಕುವ ಹಕ್ಕು ಇದೆಯೆಂದು ತಿಳಿಸಬೇಕಾದ ಕರ್ತವ್ಯವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 55ನೇ ಕಲಂ ನ್ಯಾಯಾಲಯದ ಮೇಲೆಯೇ ಹೊರಿಸಿದೆ.

ದಿವಾಳಿ ಕಾನೂನಿನ ಉದ್ದೇಶ ಎರಡು: ಇದ್ದ ಆಸ್ತಿಯು ಸಾಲ ಕೊಟ್ಟವರೆಲ್ಲರಿಗೂ ನ್ಯಾಯವಾಗಿ ಹಂಚಿಕೆಯಾಗಬೇಕು, ಪ್ರಾಮಾಣಿಕನಾಗಿ ಸೋತ ವರ್ತಕನು ಮತ್ತೆ ದುಡಿದು ಬದುಕುವಂತಾಗಬೇಕು. ಎರಡನೆಯದು ಕೈಗೂಡುವುದು ಲೆಕ್ಕ ಶುದ್ಧವಿದ್ದು ವಕೀಲರ ಭೇಟಿ ಸಕಾಲದಲ್ಲಿ ನಡೆದಾಗ. ತಿಂಗಳ ಬಡ್ಡಿ ಕಟ್ಟಲು ಹೊಸ ಸಾಲ ಮಾಡಬೇಕಾದ ಸ್ಥಿತಿ ಮೊದಲ ಸಲ ಬಂದಾಗಲೇ ಖಾತೆ ಪುಸ್ತಕವನ್ನು ಹಿಡಿದು ನರಗುಂದಕ್ಕೋ ಗದಗಿಗೋ ಹೊರಡುವುದು ಲೇಸು. ಜಪ್ತಿಯ ಆದೇಶ ಬಂದ ಮೇಲೆ ಹೋದವನಿಗೂ ಅದೇ ವಕೀಲರು ಸಿಗುತ್ತಾರೆ; ಆದರೆ ಅಷ್ಟರಲ್ಲಿ ಆರಿಸಿಕೊಳ್ಳಲು ಉಳಿದ ದಾರಿಗಳು ಕಡಿಮೆಯಾಗಿರುತ್ತವೆ.